ಪ್ರವಾಸದ ಪುಸ್ತಕ ಮಗುವಿನದೇ ಆಗಲಿ

ಹಂಪಿಯ ವಿಠ್ಠಲ ದೇವಸ್ಥಾನ ನೋಡಿಕೊಂಡು ಹೊರಗೆ ಬಂದು ಎಳನೀರು ಕುಡಿಯುತ್ತ ಕೂತಿದ್ದೆವು. ಐದು ವರ್ಷದ ಮಗನಿಗೆ ಆಗಿನ್ನೂ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. “ನೀನು ಹೇಳು, ನಾನು ಬರ್ಕೋತೀನಿ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಕಲ್ಲಿನ ರಥದ ನೆರಳಲ್ಲಿ ಒಂದು ನಾಯಿ ಮಲಗಿತ್ತು. ಅದಕ್ಕೆ ಮಾತ್ರ ಬಿಸಿಲು ಬೀಳ್ತಿರ್ಲಿಲ್ಲ.”

ರಥದ ಕೆತ್ತನೆ, ಕಟ್ಟಿಸಿದ ಅರಸರು, ಯಾವುದೂ ಇಲ್ಲ. ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆದುಕೊಂಡೆ. ಎರಡು ವರ್ಷದ ನಂತರ ಈಗಲೂ ಆ ಪುಟ ತೆಗೆದರೆ ಅವತ್ತಿನ ಬಿಸಿಲು ನನ್ನ ಬೆನ್ನಿಗೆ ತಾಗುತ್ತದೆ.

ಅದಕ್ಕೂ ಒಂದು ವರ್ಷ ಮೊದಲು ಬೇಲೂರಿನಲ್ಲಿ ಮಗಳ ವಿಷಯದಲ್ಲಿ ತಪ್ಪು ಮಾಡಿದ್ದೆ. ಚೆನ್ನಾಗಿರುವ ಡೈರಿ ತಂದುಕೊಟ್ಟು, ರಾತ್ರಿ ರೂಮಿನಲ್ಲಿ ಕೂರಿಸಿ, “ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ…” ಎಂದು ಹೇಳಿ ಬರೆಸಿದೆ. ಕಾಗುಣಿತ ತಿದ್ದಿದೆ. ನಿದ್ದೆಗಣ್ಣಿನಲ್ಲಿ ಆರು ಸಾಲು ಬರೆದಳು. ಆ ಡೈರಿಯನ್ನು ಮತ್ತೆ ಮುಟ್ಟಲಿಲ್ಲ. ಆ ಆರು ಸಾಲು ಅವಳ ಕೈಬರಹದಲ್ಲಿದ್ದರೂ ಮಾತು ನನ್ನದು. ಅವಳಿಗೆ ಅಲ್ಲಿ ಏನು ಕಂಡಿತ್ತು ಎಂದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ಮುಂದೆ ಹೇಳಿರುವುದೆಲ್ಲ ಹಂಪಿ, ಬಾದಾಮಿಗೆ ನಾಲ್ಕು ದಿನ ಹೋಗಿಬಂದಾಗ ನಮ್ಮ ಮನೆಯಲ್ಲಿ ನಡೆದುಬಂದ ಕ್ರಮ. ಬೇರೆ ಊರಿಗೆ ಹೊರಟವರು ಊರಿನ ಹೆಸರು ಬದಲಿಸಿಕೊಂಡರೆ ಸಾಕು.

ಹೊರಡುವ ವಾರ: ಪುಸ್ತಕ ಹೊಲಿಯುವುದು

ಅಂಗಡಿಯ ದಪ್ಪ ಡೈರಿ ಬೇಡ. ಇನ್ನೂರು ಖಾಲಿ ಪುಟ ಕಂಡರೆ ದೊಡ್ಡವರಿಗೂ ಕೈ ಏಳುವುದಿಲ್ಲ. ಗೆರೆ ಇಲ್ಲದ ಡ್ರಾಯಿಂಗ್ ಹಾಳೆ ಹನ್ನೆರಡು ತನ್ನಿ, ನಡುವೆ ಮಡಚಿ ಒಂದರೊಳಗೊಂದು ಸೇರಿಸಿ. ಹಳೇ ಕ್ಯಾಲೆಂಡರಿನ ರಟ್ಟು ಹೊದಿಕೆಗೆ ಆಗುತ್ತದೆ. ಮಡಿಕೆಯ ಮೇಲೆ ಮೂರು ಕಡೆ ದಬ್ಬಣದಿಂದ ನೀವು ತೂತು ಮಾಡಿ, ದಾರ ಪೋಣಿಸಿ ಗಂಟು ಹಾಕುವ ಕೆಲಸ ಮಗುವಿಗೆ ಬಿಡಿ. ನಲವತ್ತೆಂಟು ಪುಟ ಆಗುತ್ತದೆ, ನಾಲ್ಕು ದಿನಕ್ಕೆ ಧಾರಾಳ. ತಾನೇ ಹೊಲಿದ ಪುಸ್ತಕವನ್ನು ಮಗು ಬಸ್ಸಿನಲ್ಲಿ ಬಿಟ್ಟುಬರುವುದಿಲ್ಲ.

ಒಂದು ಎಚ್ಚರಿಕೆ. ಟಿಕೆಟ್ಟು, ಎಲೆ ಅಂಟಿಸುತ್ತ ಹೋದಂತೆ ಪುಸ್ತಕ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ದಾರ ಕಿತ್ತುಬರುತ್ತದೆ. ಆದ್ದರಿಂದ ಹೊಲಿಗೆಯನ್ನು ತುಸು ಸಡಿಲವಾಗಿಯೇ ಹಾಕಿ. ಹಿಂಬದಿಯ ರಟ್ಟಿನ ಒಳಗೆ ಮದುವೆ ಕರೆಯೋಲೆಯ ಕವರೊಂದನ್ನು ಅಂಟಿಸಿದರೆ ಒಳ್ಳೆಯ ಜೇಬು ಸಿಗುತ್ತದೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ಮೊದಲು ಆ ಜೇಬಿಗೆ.

ಬರೆಯಲು ಎರಡು ಪೆನ್ಸಿಲ್, ಒಂದು ಶಾರ್ಪನರ್, ಆರು ಬಣ್ಣದ ಪೆನ್ಸಿಲ್, ಒಂದು ಅಂಟಿನ ಕಡ್ಡಿ. ಸ್ಕೆಚ್ ಪೆನ್ ಹಾಳೆಯ ಹಿಂದಕ್ಕೆ ಇಳಿಯುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮೇಣದ ಬಣ್ಣ ಕರಗುತ್ತದೆ. ರಬ್ಬರನ್ನು ಮನೆಯಲ್ಲೇ ಬಿಟ್ಟುಹೋಗಿ. ರಬ್ಬರ್ ಇದ್ದರೆ ಮಗು ಒಂದೇ ಆನೆಯ ಸೊಂಡಿಲನ್ನು ಹತ್ತು ಸಲ ಅಳಿಸಿ, ಕೊನೆಗೆ ಹಾಳೆ ಹರಿದು ಅಳುತ್ತದೆ. ಇಲ್ಲದಿದ್ದರೆ ಸೊಟ್ಟ ಸೊಂಡಿಲಿನ ಆನೆಯೇ ಉಳಿಯುತ್ತದೆ, ಅದೇ ಚಂದ. ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ತಿಂಡಿ ಇರುವ ಬ್ಯಾಗಿನಲ್ಲಿ ಮಾತ್ರ ಇಡಬೇಡಿ. ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲಿನ ಮಂಗಗಳಿಗೆ ಬಿಸ್ಕತ್ತಿನ ವಾಸನೆ ಬಂದರೆ ಸಾಕು, ಪುಸ್ತಕದ ಸಮೇತ ಬ್ಯಾಗು ಹೋಗುತ್ತದೆ.

ಮೊದಲ ಪುಟ ಮನೆಯಲ್ಲೇ ತುಂಬಲಿ

ಒಳರಟ್ಟಿನ ಮೇಲೆ ಮಗುವಿನ ಹೆಸರು, ನಿಮ್ಮ ಫೋನ್ ನಂಬರು. ಮನೆ ವಿಳಾಸ, ಶಾಲೆಯ ಹೆಸರು ಬೇಡ. ಮೊದಲ ಪುಟದಲ್ಲಿ ಹೋಗುವ ಊರು ಹೇಗಿರಬಹುದು ಎಂದು ಮಗು ಚಿತ್ರ ಬರೆಯಲಿ. ನೋಡುವ ಮೊದಲೇ ಬರೆದ ಚಿತ್ರ ಇದು, ಸರಿ ತಪ್ಪು ಇಲ್ಲ. ನನ್ನ ಮಗಳು ಹಂಪಿಯನ್ನು ಒಂದೇ ಒಂದು ದೊಡ್ಡ ದೇವಸ್ಥಾನವೆಂದು ಬರೆದಿದ್ದಳು. ಅಲ್ಲಿ ಹೋಗಿ ಕಣ್ಣು ಹಾಯುವಷ್ಟು ದೂರ ಬಂಡೆಗಳೇ ಕಂಡಾಗ, ತಾನಾಗಿಯೇ ಆ ಪುಟಕ್ಕೆ ಹಿಂದಿರುಗಿ ಸುತ್ತ ಗುಂಡು ಗುಂಡಾಗಿ ಬಂಡೆ ತುಂಬಿದಳು.

ಕೊನೆಯ ಎರಡು ಪುಟ ಲೆಕ್ಕಕ್ಕೆ ಮೀಸಲಿಡಿ. ಏಳು ವರ್ಷ ದಾಟಿದ ಮಕ್ಕಳ ಕೈಗೆ ನೂರು ರೂಪಾಯಿ ಕೊಟ್ಟು, ಏನು ಕೊಂಡರೂ ಬರೆದಿಡಲು ಹೇಳಿ. ವಾಕ್ಯ ಬರೆಯಲು ಬೇಸರಪಡುವ ಮಕ್ಕಳೂ ಲೆಕ್ಕವನ್ನು ಶ್ರದ್ಧೆಯಿಂದ ಬರೆಯುತ್ತಾರೆ. ನಮ್ಮ ತಾತ ಸಂತೆಗೆ ಹೋಗಿಬಂದು ಬೆಲ್ಲ ಎಷ್ಟು, ಮೆಣಸಿನಕಾಯಿ ಎಷ್ಟು ಎಂದು ಬರೆದಿಟ್ಟ ಪುಸ್ತಕ ನನ್ನ ಹತ್ತಿರ ಇದೆ. ಅವರ ದಿನಗಳು ನನಗೆ ಗೊತ್ತಾಗಿದ್ದು ಅದರಿಂದಲೇ.

ಸಣ್ಣ ವಿವರಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಹಂಪಿಗಿಂತ ಬೇರೆ ಸಾಕ್ಷಿ ಬೇಡ. 1443ರಲ್ಲಿ ಪರ್ಷಿಯಾದಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಅರಮನೆ, ಆನೆಗಳ ಜೊತೆಗೆ ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಿದ್ದುದನ್ನೂ ಬರೆದಿಟ್ಟ. ಈ ಜನಕ್ಕೆ ಗುಲಾಬಿ ಅನ್ನದಷ್ಟೇ ಅವಶ್ಯ ಅಂದ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಅಲ್ಲಿನ ಬೆಟ್ಟವೊಂದನ್ನು ಹತ್ತಿ ನೋಡಿ, ಕಂಡಷ್ಟು ಊರು ತನಗೆ ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತೆಂದು ಬರೆದ. ಅವನಿಗೆ ಗೊತ್ತಿದ್ದ ದೊಡ್ಡ ಊರು ಅದು. ಇವರಿಬ್ಬರ ಕಥೆಯನ್ನು ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ ಹೇಳಿ. ತಮಗೆ ಗೊತ್ತಿರುವುದರ ಜೊತೆ ಹೋಲಿಸಿ ಬರೆಯಬಹುದು ಎಂಬುದು ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. “ಗಜಶಾಲೆಯ ಒಂದು ರೂಮು ನಮ್ಮ ಕ್ಲಾಸಿಗಿಂತ ದೊಡ್ಡದು” ಎಂಬ ಸಾಲು ಮಗಳ ಪುಸ್ತಕಕ್ಕೆ ಬಂದಿದ್ದು ಪಾಯಸ್‌ನ ದೆಸೆಯಿಂದ.

ದಾರಿಯಲ್ಲಿ ಬರೆಯುವುದು ಬೇಡ, ಎಣಿಸುವುದು ಬೇಕು

ಓಡುವ ಬಸ್ಸು ಕಾರಿನಲ್ಲಿ ತಲೆ ತಗ್ಗಿಸಿ ಬರೆದರೆ ಮಕ್ಕಳಿಗೆ ವಾಂತಿ ಬರುತ್ತದೆ, ಘಟ್ಟದ ರಸ್ತೆಯಲ್ಲಂತೂ ಖಂಡಿತ. ಕಿಟಕಿಯ ಹೊರಗೆ ನೋಡುತ್ತ ಆಡುವ ಆಟಗಳನ್ನು ದಾರಿಗೆ ಇಟ್ಟುಕೊಳ್ಳಿ. ಚಹಾಕ್ಕೆ ನಿಂತಾಗ ಎರಡು ನಿಮಿಷ ಬರೆದರೆ ಸಾಕು.

ರೈಲಿನಲ್ಲಿ ಹೋಗುವವರಿಗೆ ಒಂದು ಒಳ್ಳೆಯ ಆಟವಿದೆ. ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಬೆಂಗಳೂರಿನದು ಒಂಬೈನೂರು ಮೀಟರ್ ಆಸುಪಾಸು. ರೈಲು ನಿಂತಲ್ಲೆಲ್ಲ ಆ ಸಂಖ್ಯೆ ಬರೆದುಕೊಂಡು, ಕೊನೆಗೆ ಚುಕ್ಕಿ ಇಟ್ಟು ಗೆರೆ ಎಳೆದರೆ ನಾವು ಇಳಿದ ಇಳಿಜಾರು ಹಾಳೆಯ ಮೇಲೆ ಮೂಡುತ್ತದೆ. ಹೊಸಪೇಟೆಯಿಂದ ಕೊಪ್ಪಳ, ಗದಗದ ಮೇಲೆ ಬಾದಾಮಿಗೆ ಹೋಗುವಾಗ ಮಗಳು ಒಂದು ನಿಲ್ದಾಣವನ್ನೂ ಬಿಡಲಿಲ್ಲ.

ರಸ್ತೆಯಲ್ಲಾದರೆ ಮೈಲಿಗಲ್ಲಿನ ತಲೆಯ ಬಣ್ಣ ನೋಡಲಿ. ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ. ಬಣ್ಣ ಬದಲಾದ ಊರಿನ ಹೆಸರು ಬರೆದುಕೊಳ್ಳಲಿ. ಗಾಡಿಗಳ ನಂಬರ್ ಪ್ಲೇಟೂ ಹೀಗೇ. ಕೆಎ 35 ಹೊಸಪೇಟೆ, 37 ಕೊಪ್ಪಳ, 26 ಗದಗ, 29 ಬಾಗಲಕೋಟೆ. ಐದು ವರ್ಷದವನಿಗೆ ಓದಲು ಬರದಿದ್ದರೂ ಅಂಕಿ ಗೊತ್ತಿತ್ತು. “ಅಮ್ಮಾ, 29 ಬಂತು!” ಎಂದು ಕೂಗಿದಾಗಲೇ ನಾವು ಬಾಗಲಕೋಟೆ ಜಿಲ್ಲೆಯ ಹತ್ತಿರ ಬಂದಿದ್ದು ನನ್ನ ಗಮನಕ್ಕೆ ಬಂದಿತು.

ಬರೆಯುವ ಹೊತ್ತು: ಊಟ ಬರುವ ಮುಂಚೆ

ರಾತ್ರಿ ಬರೆಸಬೇಡಿ. ದಿನವಿಡೀ ಬಿಸಿಲಲ್ಲಿ ನಡೆದ ಮಗುವಿಗೆ ರಾತ್ರಿ ಬೇಕಾಗಿರುವುದು ನಿದ್ದೆ. ಹೋಟೆಲಿನಲ್ಲಿ ಆರ್ಡರ್ ಕೊಟ್ಟಮೇಲೆ ತಟ್ಟೆ ಬರುವವರೆಗೆ ಹತ್ತು ಹದಿನೈದು ನಿಮಿಷ ಸಿಗುತ್ತದಲ್ಲ, ಮಕ್ಕಳು ಫೋನ್ ಕೇಳುವ ಹೊತ್ತು, ಅದೇ ಸರಿಯಾದ ಹೊತ್ತು. ಮೇಜು ಇದೆ, ನೆರಳಿದೆ, ನೋಡಿದ್ದು ಹಸಿಯಾಗಿದೆ. ದಿನಕ್ಕೆ ಎರಡು ಸಲ ಹೀಗೆ ಸಿಕ್ಕರೆ ಹೆಚ್ಚಾಯಿತು. ತಟ್ಟೆ ಬಂದ ತಕ್ಷಣ ಪುಸ್ತಕ ಮುಚ್ಚಿಬಿಡಿ. ಅರ್ಧಕ್ಕೆ ನಿಂತ ಸಾಲು ಅರ್ಧವೇ ಇರಲಿ.

ನೀವೂ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಎದುರಿಗೆ ಕೂತು ಬರೆಯಿರಿ. ಇದನ್ನು ಮಾತ್ರ ತಪ್ಪಿಸಬೇಡಿ. ಅಪ್ಪ ಅಮ್ಮ ಫೋನ್ ನೋಡುತ್ತ ಮಗುವಿಗೆ ಬರೆಯಲು ಹೇಳಿದರೆ ಅದು ಹೋಂವರ್ಕ್ ಆಗುತ್ತದೆ.

ಏನು ಕೇಳಬೇಕು

“ಏನೇನು ನೋಡಿದೆ? ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎಂದಷ್ಟೇ ಬರುತ್ತದೆ. ಅದು ಮಗುವಿನ ತಪ್ಪಲ್ಲ, ಪ್ರಶ್ನೆಯೇ ಅಷ್ಟು ಅಗಲ. ಕಿರಿದು ಮಾಡಿ ಕೇಳಬೇಕು. ದೇವಸ್ಥಾನದೊಳಗೆ ಯಾವ ವಾಸನೆ ಇತ್ತು? ಕಾಲಿಗೆ ಕಲ್ಲು ಬಿಸಿಯಾಗಿತ್ತೋ ತಣ್ಣಗಿತ್ತೋ? ಹೊರಗೆ ಕೂತಿದ್ದ ಅಜ್ಜಿ ಬುಟ್ಟಿಯಲ್ಲಿ ಏನಿತ್ತು? ಇವತ್ತು ಕೇಳಿದ ತುಂಬ ಜೋರಾದ ಸದ್ದು ಯಾವುದು? ನಿನಗೆ ಮಾತ್ರ ಕಂಡು ನಮಗ್ಯಾರಿಗೂ ಕಾಣದೇ ಇದ್ದದ್ದು ಏನು? ಕೊನೆಯ ಪ್ರಶ್ನೆಗೆ ನಮ್ಮ ಮನೆಯಲ್ಲಿ ಬಂದಷ್ಟು ಉತ್ತರ ಇನ್ನಾವುದಕ್ಕೂ ಬಂದಿಲ್ಲ.

ಇನ್ನೊಂದನ್ನೂ ಕೇಳಿ: ಇವತ್ತು ಯಾವುದು ಬೇಜಾರಾಯಿತು? ಇಷ್ಟವಾಗದ್ದನ್ನೂ ಬರೆಯಬಹುದು ಎಂದು ಗೊತ್ತಾದ ಮೇಲೆ ಮಗುವಿನ ಕೈ ಬಿಡುಬೀಸಾಗುತ್ತದೆ. ಐಹೊಳೆಯಲ್ಲಿ ಮಗಳು ಬರೆದಿದ್ದು: “ಇಲ್ಲಿ ತುಂಬ ದೇವಸ್ಥಾನ ಇವೆ. ಅಪ್ಪ ಎಲ್ಲಾದನ್ನೂ ನೋಡ್ತಾರೆ. ನನಗೆ ಕಾಲು ನೋವು.” ಓದಿದ ಅವಳಪ್ಪ ಮರುದಿನ ಪಟ್ಟದಕಲ್ಲಿನಲ್ಲಿ ಮಧ್ಯಾಹ್ನ ಮರದಡಿ ಎಲ್ಲರನ್ನೂ ಅರ್ಧ ಗಂಟೆ ಕೂರಿಸಿದರು.

ಕಾಗುಣಿತ ತಿದ್ದಬೇಡಿ. ಒತ್ತಕ್ಷರ ತಪ್ಪಿರಲಿ, ‘ಹ’ಕಾರ ಬಿಟ್ಟುಹೋಗಿರಲಿ, ಶಾಲೆ ಶುರುವಾದ ಮೇಲೆ ತಿದ್ದಲು ಬೇಕಾದಷ್ಟು ದಿನ ಇವೆ. “ಇದು ಹೇಗೆ ಬರೆಯೋದು?” ಎಂದು ಮಗುವೇ ಕೇಳಿದರೆ ಹೇಳಿಕೊಡಿ.

ವಯಸ್ಸಿನ ಮಾತು. ಆರರ ಒಳಗಿನವರು ಚಿತ್ರ ಬರೆದು ಬಾಯಲ್ಲಿ ಹೇಳುತ್ತಾರೆ, ನೀವು ಬರೆದುಕೊಳ್ಳಿ, ಅವರ ಮಾತಿನಲ್ಲೇ. ಆರು ಏಳರ ಮಕ್ಕಳಿಗೆ ಒಂದು ಚಿತ್ರ, ಒಂದು ಸಾಲು. ಎಂಟು ದಾಟಿದವರು ತಾವೇ ನಡೆಸಿಕೊಂಡು ಹೋಗುತ್ತಾರೆ. ಹದಿಮೂರು ದಾಟಿದವರನ್ನು ಅವರ ಪಾಡಿಗೆ ಬಿಡಿ, ಕೇಳದೆ ಪುಸ್ತಕ ತೆರೆಯಬೇಡಿ.

ನಿಂತು ನೋಡಲು ಒಂದೊಂದು ಕೆಲಸ

ಹೋದ ಜಾಗದಲ್ಲೆಲ್ಲ ಎಲ್ಲವನ್ನೂ ಬರೆಯಲಾಗುವುದಿಲ್ಲ. ಒಂದು ಜಾಗಕ್ಕೆ ಒಂದೇ ಕೆಲಸ ಕೊಡಿ, ಅದು ಕಣ್ಣಿನ ಕೆಲಸವಾಗಿರಲಿ.

ವಿಠ್ಠಲ ದೇವಸ್ಥಾನಕ್ಕೆ ಹೋಗುವಾಗ ಕಿಸೆಯಲ್ಲಿ ಹೊಸ ಐವತ್ತು ರೂಪಾಯಿ ನೋಟು ಇಟ್ಟುಕೊಳ್ಳಿ. ಅದರ ಹಿಂಭಾಗದಲ್ಲಿರುವುದು ಇದೇ ಕಲ್ಲಿನ ರಥ. ನೋಟನ್ನು ಎದುರಿಗೆ ಹಿಡಿದು, ಚಿತ್ರ ಬರೆದವರು ಎಲ್ಲಿ ನಿಂತಿರಬೇಕು ಎಂದು ಮಗು ಹುಡುಕಲಿ. ನೋಟಿನಲ್ಲಿ ಇದ್ದು ಇಲ್ಲಿ ಇಲ್ಲದ್ದು, ಇಲ್ಲಿ ಇದ್ದು ನೋಟಿನಲ್ಲಿ ಇಲ್ಲದ್ದು ಎಂದು ಎರಡು ಪಟ್ಟಿ ಮಾಡಲಿ. ನಮ್ಮವರ ಪಟ್ಟಿಯಲ್ಲಿ ‘ನಾಯಿ’ ಮೊದಲು ಬಂತು.

ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಿಂದ ಬೆಳಕು ನೇರ ಗೆರೆಯಲ್ಲಿ ಬರುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಹೊರಗೆ ಗೋಪುರದ ಚಿತ್ರ ಬರೆಸಿ, ಒಳಗೆ ಬಂದು ಪುಸ್ತಕವನ್ನು ತಲೆಕೆಳಗೆ ಹಿಡಿದು ಗೋಡೆಯ ಜೊತೆ ಹೋಲಿಸಲು ಹೇಳಿ. ವಿವರಣೆಯನ್ನು ಮಗು ಕೇಳುವವರೆಗೆ ಕೊಡಬೇಡಿ.

ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ದಿಕ್ಕಿನ, ಎಷ್ಟನೇ ಸಾಲಿನ ಕಲ್ಲು ಎಂದು ಕೆಲಸದವರು ಕೊರೆದ ಗುರುತುಗಳಿವೆ. ಹೊರಗಿನಿಂದ ಕಣ್ಣಿಗೆ ಸಿಕ್ಕಷ್ಟು ನೋಡಲಿ. ಮನೆಗೆ ಬಂದ ಮೇಲೆ ಆಟದ ಇಟ್ಟಿಗೆಗಳಿಗೆ ಪೂ, ಪ, ಉ, ದ ಎಂದು ಬರೆದು ಪುಟ್ಟ ಪುಷ್ಕರಣಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಲಿ.

ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಸಂಖ್ಯೆ ಹೇಳದೆ ಎಣಿಸಲು ಬಿಡಿ. ನಮ್ಮವರಿಗೆ ಹದಿನಾರು, ಹದಿನೇಳು, ಇಪ್ಪತ್ತು ಎಂದೆಲ್ಲ ಬಂದು ಮೂರು ಸಲ ಎಣಿಸಿದರು. ಎಣಿಸುವಾಗಲೇ ಯಾವ ಕೈಯಲ್ಲಿ ಏನಿದೆ ಎಂದು ಕಂಡಿತು. ಹದಿನೆಂಟೂ ಕೈ ಚಿತ್ರಕ್ಕೆ ಬರುವುದಿಲ್ಲ, ಇಷ್ಟವಾದ ಒಂದು ಕೈ ಬರೆದರೆ ಸಾಕು. ಶ್ರವಣಬೆಳಗೊಳಕ್ಕೆ ಹೋಗುವವರು 58 ಅಡಿಯ ಗೊಮ್ಮಟನ ಮುಖ ನೋಡಿದ ಮೇಲೆ ಪಾದದ ಬಳಿಗೂ ಕಣ್ಣು ಹಾಯಿಸಲಿ. ಚಾವುಂಡರಾಯ ಮಾಡಿಸಿದನೆಂಬ ಹಳಗನ್ನಡದ ಒಂದು ಸಾಲು ಅಲ್ಲಿದೆ. ಅದರಲ್ಲಿ ತನಗೆ ಗೊತ್ತಿರುವ ಅಕ್ಷರದ ಹಾಗೆ ಕಾಣುವುದು ಯಾವುದು ಎಂದು ಹುಡುಕಿ ಮಗು ಬರೆದುಕೊಳ್ಳಲಿ.

ಶಾಸನದ ಮೇಲೆ, ಕೆತ್ತನೆಯ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಬಿಡಲೇಬೇಡಿ. ಕಲ್ಲು ಸವೆಯುತ್ತದೆ, ಮಸಿ ಹಿಡಿಯುತ್ತದೆ. ಉಜ್ಜುವ ಆಸೆಯಾದರೆ ಹಾಳೆಯ ಕೆಳಗೆ ನಾಣ್ಯವೋ ಬೇವಿನ ಎಲೆಯೋ ಇಟ್ಟು ಉಜ್ಜಲಿ. ಬಿದ್ದಿದೆಯೆಂದು ಸ್ಮಾರಕದ ಚೂರು ಕಲ್ಲು ಎತ್ತಿಕೊಳ್ಳುವುದೂ ಬೇಡ. ಎಲೆ, ಹೂವು ನೆಲಕ್ಕೆ ಬಿದ್ದಿದ್ದು ಮಾತ್ರ, ಅಭಯಾರಣ್ಯದಲ್ಲಿ ಅದೂ ಬೇಡ.

ಮಾತಿನ ಪುಟ

ಒಂದು ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಮ್ಮ ಮನೆಯ ಮಾತು, ಬಲಕ್ಕೆ ಈ ಊರಿನ ಮಾತು. ನಮ್ಮ ಈರುಳ್ಳಿ ಅಲ್ಲಿ ಉಳ್ಳಾಗಡ್ಡಿ, ಕಡಲೆಕಾಯಿ ಶೇಂಗಾ, ಬೆಳಿಗ್ಗೆ ಮುಂಜಾನೆ, ಚೆನ್ನಾಗಿದೆ ಎಂಬುದು ಚಲೋ ಐತಿ. ಬಾದಾಮಿಯಲ್ಲಿ ಊಟ ಬಡಿಸಿದ ಅಮ್ಮ ಮಗಳಿಗೆ “ಇನ್ನೊಂದ್ ರೊಟ್ಟಿ ಹಾಕ್ಲೇನ ಯವ್ವಾ?” ಎಂದರು. ಅಮ್ಮನ ವಯಸ್ಸಿನವರು ತನ್ನನ್ನು ಯವ್ವಾ ಅಂದಿದ್ದು ಅವಳಿಗೆ ಆಶ್ಚರ್ಯ. ರೊಟ್ಟಿ ತಿನ್ನುವುದು ಬಿಟ್ಟು ಬರೆದುಕೊಂಡಳು. ಈ ಒಂದು ಪುಟಕ್ಕೋಸ್ಕರ ಮಕ್ಕಳು ಪರಊರಿನವರನ್ನು ಮಾತಾಡಿಸಲು ಕಲಿಯುತ್ತಾರೆ. ಕರಾವಳಿಗೆ ಹೋದರೆ ‘ಎಂತ’, ‘ಮಂಡೆ’ ಎಂದು ಪುಟ ತುಂಬುತ್ತದೆ.

ಹೊರದೇಶದಿಂದ ರಜೆಗೆ ಬರುವ ಮಕ್ಕಳು ಇಂಗ್ಲಿಷಿನಲ್ಲೇ ಬರೆಯಲಿ, ತೊಂದರೆಯಿಲ್ಲ. ಮಾತಿನ ಪುಟವನ್ನು ಮಾತ್ರ ಅಜ್ಜಿಯೋ ಅಜ್ಜನೋ ಕನ್ನಡದಲ್ಲಿ ಬರೆದುಕೊಡಲಿ, ಮಗು ಅದರ ಕೆಳಗೆ ನೋಡಿಕೊಂಡು ಬರೆಯಲಿ. ಅಜ್ಜಿಯ ಅಕ್ಷರ ಆ ಪುಸ್ತಕದಲ್ಲಿ ಉಳಿಯುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಅಂಟಿಸುವುದು

ಬಸ್ಸಿನ ಮಷಿನ್ ಟಿಕೆಟ್ಟು, ಹೋಟೆಲ್ ಬಿಲ್ಲು ಬಿಸಿಗೆ ಅಚ್ಚಾಗುವ ಕಾಗದ. ಬಿಸಿಲಿಗೆ ಕಪ್ಪಾಗುತ್ತದೆ, ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಅಂಟಿಸಿದ ದಿನವೇ ಪಕ್ಕದಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ರೂಪಾಯಿ ಎಂದು ಪೆನ್ಸಿಲಿನಲ್ಲಿ ಬರೆಸಿ. ಅಂಟನ್ನು ನಾಲ್ಕು ಮೂಲೆಗೆ ಮಾತ್ರ ಹಚ್ಚಿ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದ ಒಳಗಿನವರಿಗೆ ಪ್ರವೇಶ ಉಚಿತ. ಹಾಗಾಗಿ ಮಗುವಿಗೆ ತನ್ನದೇ ಟಿಕೆಟ್ಟು ಸಿಗುವುದಿಲ್ಲ, ಅದು ಅವರಿಗೆ ದೊಡ್ಡ ದುಃಖ. ಚಿಕ್ಕ ಹಾಳೆ ಕೊಟ್ಟು ತಮ್ಮ ಟಿಕೆಟ್ಟನ್ನು ತಾವೇ ಮಾಡಿಕೊಳ್ಳಲು ಹೇಳಿ. ಮಗನ ಟಿಕೆಟ್ಟಿನ ದರ ‘2 ಮುತ್ತು’ ಎಂದಿತ್ತು.

ಬರೆಯಲು ಒಲ್ಲೆ ಎಂದ ದಿನ ಬಿಟ್ಟುಬಿಡಿ. ತಾರೀಖು ಹಾಕಿ ಪುಟ ಖಾಲಿ ಇರಲಿ. ಅಣ್ಣ ತಂಗಿಯರ ಪುಸ್ತಕಗಳನ್ನು ಹೋಲಿಸಬೇಡಿ. ಚಂದ ಬಂದಿದೆಯೆಂದು ಪುಟದ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುವ ಮುಂಚೆ ಮಗುವನ್ನು ಕೇಳಿ. ಬೇಡ ಅಂದರೆ ಬೇಡ.

ಊರಿನಿಂದ ಮನೆಗೆ ಒಂದು ಕಾರ್ಡು

ಹೊರಡುವಾಗ ಅಂಚೆ ಕಚೇರಿಯಿಂದ 50 ಪೈಸೆಯ ಕಾರ್ಡು ಎರಡು ಮೂರು ಕೊಂಡಿಟ್ಟುಕೊಳ್ಳಿ. ಕೊನೆಯ ದಿನ ಮಗು ತನ್ನ ಹೆಸರಿಗೇ, ಮನೆಯ ವಿಳಾಸಕ್ಕೇ ಬರೆದು ಆ ಊರಿನ ಅಂಚೆ ಕಚೇರಿಯಲ್ಲಿ ಹಾಕಲಿ. ಊರಿನ ಹೆಸರು, ತಾರೀಖು ಇರುವ ಮುದ್ರೆ ಬೀಳುತ್ತದೆ. ಕೌಂಟರಿನಲ್ಲಿ ಮಕ್ಕಳೇ ಕೇಳಿಕೊಂಡರೆ ಸ್ಪಷ್ಟವಾಗಿ ಒತ್ತಿಕೊಡುತ್ತಾರೆ.

ಮನೆಗೆ ಬಂದ ವಾರದೊಳಗೆ ಒಂದು ಭಾನುವಾರ ಕೂತು ಜೇಬಿನಲ್ಲಿ ಉಳಿದಿದ್ದನ್ನು ಅಂಟಿಸಿ. ಫೋನಿನಲ್ಲಿ ಮುನ್ನೂರು ಫೋಟೋ ಇರುತ್ತವೆ, ಮಗು ಎಂಟನ್ನು ಆರಿಸಲಿ, ಸ್ಟುಡಿಯೋದಲ್ಲಿ ಚಿಕ್ಕದಾಗಿ ಪ್ರಿಂಟ್ ಹಾಕಿಸಿ. ನೀವು ಆರಿಸಬೇಡಿ. ನಮ್ಮ ಮಗ ಆರಿಸಿದ ಎಂಟರಲ್ಲಿ ಮೂರು ಹೋಟೆಲಿನ ಲಿಫ್ಟಿನವು.

ಬಾದಾಮಿಯಿಂದ ಹಾಕಿದ ಕಾರ್ಡು ನಾವು ಮನೆ ಸೇರಿ ಐದನೇ ದಿನಕ್ಕೆ ಬಂತು. ಅಷ್ಟರಲ್ಲಿ ಮಕ್ಕಳು ಮರೆತೇಬಿಟ್ಟಿದ್ದರು. ಅಂಚೆಯವರು ಮಗನ ಹೆಸರು ಹಿಡಿದು ಕೂಗಿದಾಗ ಅವನು ಬಾಗಿಲಿಗೆ ಓಡಿಹೋಗಿ ಎರಡೂ ಕೈಯಲ್ಲಿ ಇಸಿದುಕೊಂಡ. ಕಾರ್ಡಿನ ತುಂಬ ಅವನೇ ಬರೆದ ಮಂಗ, ಮೂಲೆಯಲ್ಲಿ ಕಪ್ಪು ಮುದ್ರೆ. ಅಂಟು ತರಲು ಹೋದ ಅಕ್ಕನನ್ನು ತಡೆದು, “ಇವತ್ತು ಬೇಡ, ನಾಳೆ” ಎಂದು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ.